ಕಾಸರವಳ್ಳಿ ಸಿನಿಮಾಗಳು: ಕತೆ ಓದಿ ನೋಡಬೇಕಾ, ನೋಡಿ ಓದಬೇಕಾ?

ಹಳೇ ಪುಟ

ಸಿನಿಮಾ ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ದೂರು ಕೇಳಿಬರುತ್ತದೆ. "ಕತೆಯಲ್ಲಿ ಹೀಗಿರಲಿಲ್ಲ." ಮೂಲ ಕೃತಿಯನ್ನು ಪ್ರೀತಿಸುವವರು ಹೀಗೆ ಹೇಳುವುದು ಸಹಜ. ಆದರೆ ಅಲ್ಲಿಗೇ ಮಾತು ನಿಂತುಬಿಡುತ್ತದೆ. ಯಾಕೆ ಬದಲಾಯಿತು, ಬದಲಾದ್ದರಿಂದ ಏನು ಸಿಕ್ಕಿತು, ಏನು ಹೋಯಿತು ಅಂತ ಯಾರೂ ಮುಂದೆ ಹೋಗುವುದಿಲ್ಲ. ಅದಕ್ಕೇ ಈ ಚರ್ಚೆ.

ಅವರ ಸಿನಿಮಾಗಳ ಹಿಂದೆ ಯಾರ್ಯಾರಿದ್ದಾರೆ ನೋಡಿ. ಅನಂತಮೂರ್ತಿ, ತೇಜಸ್ವಿ, ಚಿತ್ತಾಲ, ರಂ. ಶಾ. ಲೋಕಾಪುರ, ನಾ. ಡಿಸೋಜ, ಬಾನು ಮುಷ್ತಾಕ್, ಭೈರಪ್ಪ, ವೈದೇಹಿ, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ, ಜಯಂತ ಕಾಯ್ಕಿಣಿ. 1977ರ 'ಘಟಶ್ರಾದ್ಧ'ದಿಂದ 2020ರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ವರೆಗೆ ಹೆಚ್ಚುಕಡಿಮೆ ಪ್ರತಿ ಸಲ ಒಂದು ಕನ್ನಡ ಕತೆಯೋ ಕಾದಂಬರಿಯೋ ಅವರ ಕೈಯಲ್ಲಿದೆ. ಕನ್ನಡದ ನವ್ಯ, ಬಂಡಾಯ, ಸ್ತ್ರೀವಾದಿ ಬರಹಗಳ ಚರಿತ್ರೆಯನ್ನು ಈ ಸಿನಿಮಾಗಳನ್ನು ಇಟ್ಟುಕೊಂಡೇ ಪಾಠ ಮಾಡಬಹುದು.

ನನ್ನ ಮಾತು ಇಷ್ಟು. ಅವರು ಕತೆಯನ್ನು ಸುಮ್ನೆ ತೆರೆಗೆ ತರುವವರಲ್ಲ. ಕತೆಯ ಜೊತೆ ವಾದಕ್ಕೆ ಕೂರುವವರು. ಆ ವಾದದಲ್ಲಿ ಪ್ರತಿ ಸಲ ಯಾರೋ ಒಬ್ಬರು ಪುಟದ ಅಂಚಿನಿಂದ ನಡುವಿಗೆ ಬರುತ್ತಾರೆ. ಬಹಳ ಸಲ ಅದು ಒಬ್ಬ ಹೆಂಗಸು.

'ಗುಲಾಬಿ ಟಾಕೀಸ್' ತೆಗೆದುಕೊಳ್ಳಿ. ವೈದೇಹಿಯವರ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಕತೆಯಲ್ಲಿ ಟಾಕೀಸು ನಿಜಕ್ಕೂ ಟಾಕೀಸೇ. ಒಂದು ಸಣ್ಣ ಊರಿಗೆ ಬಂದ ಸಿನಿಮಾ ಮಂದಿರ. ಸೂಲಗಿತ್ತಿ ಲಿಲ್ಲಿಬಾಯಿ ಅಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುತ್ತಾಳೆ. 2008ರ ಸಿನಿಮಾದಲ್ಲಿ ಲಿಲ್ಲಿಬಾಯಿ ಇಲ್ಲ. ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ ಇದ್ದಾಳೆ. ಟಾಕೀಸಿನ ಜಾಗದಲ್ಲಿ ಅವಳ ಮನೆಯ ಟಿವಿ ಇದೆ. ಕಾಲ 1999, ಕಾರ್ಗಿಲ್ ಯುದ್ಧದ ಹೊತ್ತು. ಕತೆಯಿಂದ ಉಳಿದದ್ದು ಸೂಲಗಿತ್ತಿ, ಸಿನಿಮಾದ ಹುಚ್ಚು, ಹೆಂಗಸರ ಗುಂಪು. ಮಿಕ್ಕಿದ್ದೆಲ್ಲ ಹೊಸದು.

ಇದನ್ನು ರೂಪಾಂತರ ಅನ್ನಬಹುದಾ? ನಾನು ಅನ್ನುತ್ತೇನೆ. ನೀವು?

ಕಡಲತಡಿ

ನಾನು ಕುಂದಾಪುರದ ಕಡೆಯವಳು. ವೈದೇಹಿಯವರ ಕತೆ ಓದಿದರೆ ನಮ್ಮ ಅಮ್ಮ, ಚಿಕ್ಕಮ್ಮಂದಿರ ಗದ್ದಲ ಕಿವಿಗೆ ಬೀಳುತ್ತದೆ. ಅಡುಗೆಮನೆಯಿಂದ ಹೊರಗೆ ಕಾಲಿಡದ ಹೆಂಗಸರು ಕತ್ತಲ ಕೋಣೆಯಲ್ಲಿ ಒಟ್ಟಿಗೆ ಕೂತು ಅಳುವುದು, ನಗುವುದು, ಮನೆಗೆ ಬಂದ ಮೇಲೂ ಅದೇ ಗುಂಗಿನಲ್ಲಿ ಇರುವುದು. ಆ ಸಂಭ್ರಮವೇ ಕತೆಯ ಜೀವ. ಸಿನಿಮಾ ಅದನ್ನು ಬಿಟ್ಟು ಮೀನುಗಾರಿಕೆಯ ಜಗಳ, ಕೋಮು ದ್ವೇಷದ ಕಡೆ ಹೋಯಿತು. ಒಳ್ಳೆಯ ಸಿನಿಮಾ ಅಂತ ಒಪ್ಪುತ್ತೇನೆ. ಉಮಾಶ್ರೀ ರಾಷ್ಟ್ರಪ್ರಶಸ್ತಿಗೆ ನೂರಕ್ಕೆ ನೂರು ಅರ್ಹರು. ಆದರೆ ಇಷ್ಟು ಬದಲಾಯಿಸುವುದಾದರೆ ಬೇರೆ ಹೆಸರಲ್ಲಿ ಬೇರೆ ಕತೆಯನ್ನೇ ಮಾಡಬಹುದಿತ್ತಲ್ಲ?

ಹಳೇ ಪುಟ

@ಕಡಲತಡಿ ಮೇಡಂ, ಆ ಸಂಭ್ರಮ ಪೂರ್ತಿ ಹೋಗಿಲ್ಲ ಅಂತ ನನಗೆ ಅನ್ನಿಸುತ್ತದೆ. ಮೊದಲ ಅರ್ಧ ಇನ್ನೊಮ್ಮೆ ನೋಡಿ. ಗುಲಾಬಿಯನ್ನು ಹೆರಿಗೆಗೆ ಕರೆಯಲು ಬಂದವರು ಅವಳನ್ನು ಸಿನಿಮಾ ಮಂದಿರದಿಂದ ಎಬ್ಬಿಸಿಕೊಂಡು ಹೋಗಬೇಕಾಗುತ್ತದೆ. ಟಿವಿ ಬಂದದ್ದೂ ಆ ಹೆರಿಗೆಯ ಉಡುಗೊರೆಯಾಗಿ. ಆಮೇಲೆ ಅವಳು ವಾಸಿಸುವ ದ್ವೀಪದ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರುತ್ತಾರೆ. ಮೊದಲು ಹೊರಗೆ ನಿಂತು ಇಣುಕುತ್ತಾರೆ, ಆಮೇಲೆ ಒಳಗೆ ಬರುತ್ತಾರೆ. ಗಂಡ ಮೂಸಾ ಬಿಟ್ಟುಹೋದ ಒಂಟಿ ಹೆಂಗಸಿನ ಮನೆ ಊರ ಹೆಂಗಸರಿಗೆಲ್ಲ ಕೂರುವ ಜಾಗವಾಗುತ್ತದೆ. ಇದು ವೈದೇಹಿಯವರ ಟಾಕೀಸೇ ಅಲ್ವಾ?

ಸಿನಿಮಾ ಎಂಬುದು ಹೆಂಗಸರಿಗೆ ಏನು ಕೊಟ್ಟಿತು ಅಂತ ವೈದೇಹಿಯವರ ಕತೆ ಕೇಳಿತು. ಕಾಸರವಳ್ಳಿ ಅದೇ ಪ್ರಶ್ನೆಯನ್ನು 1999ಕ್ಕೆ ತಂದು ಟಿವಿಗೆ ಕೇಳಿದರು. ಅಷ್ಟು ಹೊತ್ತಿಗೆ ಪರದೆ ಬದಲಾಗಿತ್ತು. ಅದೇ ಟಿವಿಯಲ್ಲಿ ಯುದ್ಧದ ಸುದ್ದಿ ಬರುತ್ತಿತ್ತು. ಒಟ್ಟಿಗೆ ಕೂರಿಸಿದ ಪೆಟ್ಟಿಗೆಯೇ ಬೇರೆ ಮಾಡುವ ಸುದ್ದಿಯನ್ನೂ ತಂದಿತು. ಮೂಲದ ಕಾಲದಲ್ಲೇ ಉಳಿದಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಕೊನೆಯ ದೃಶ್ಯ ನೆನಪಿಸಿಕೊಳ್ಳಿ. ಗುಲಾಬಿಯನ್ನು ದೋಣಿಯಲ್ಲಿ ಕೂರಿಸಿ ಊರಿಂದ ಕಳಿಸಿಯಾಗಿದೆ. ಅವಳ ಮನೆಗೆ ಯಾವತ್ತೂ ಕಾಲಿಡದಿದ್ದ ಇಬ್ಬರು ಮುದುಕಿಯರು ಈಗ ಒಳಗೆ ಬರುತ್ತಾರೆ. ಕಾಣೆಯಾದ ಗುಲಾಬಿಯ ಗೆಳತಿ ನೇತ್ರು ಟಿವಿಯಲ್ಲಿ ಕಾಣುತ್ತಾಳೆ ಅಂತ ಯಾರೋ ಹೇಳಿರುತ್ತಾರೆ, ಅದನ್ನು ನಂಬಿ. ಮನೆಯವಳೇ ಇಲ್ಲದ ಮನೆಗೆ ನೋಡುಗರು ಬಂದಿದ್ದಾರೆ. ಕೋಮು ದ್ವೇಷದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ. ಈ ಇಬ್ಬರು ಅಜ್ಜಿಯರು ಬಂದು ಕೂರುವುದರಲ್ಲಿ ಇರುವಷ್ಟು ನೋವು ಅವುಗಳಲ್ಲಿಲ್ಲ.

ಕಡಲತಡಿ

ಆ ದೃಶ್ಯದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಹೆಸರಿನ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ಲಿಲ್ಲಿಬಾಯಿ ನನಗೆ ಬೇಕು.

ಮುಳುಗಡೆ ಮೊಮ್ಮಗ

'ದ್ವೀಪ' ಬಗ್ಗೆ ಬರೆಯಲೇಬೇಕು.

ನಮ್ಮದು ಶರಾವತಿ ಮುಳುಗಡೆಯ ಮನೆತನ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ನಮ್ಮ ಅಜ್ಜನ ತೋಟ, ಗದ್ದೆ, ದನದ ಕೊಟ್ಟಿಗೆ ಎಲ್ಲ ಇದೆ. ಪರಿಹಾರ ಅಂತ ಬಂದದ್ದು ಎಷ್ಟು, ಅದಕ್ಕೆ ಎಷ್ಟು ಓಡಾಡಿದರು ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಮುಗಿಯದ ಮಾತು. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. ಅಣೆಕಟ್ಟು ಕಟ್ಟುವ ಕಡೆಯಿಂದಲೇ ಮುಳುಗುವವರನ್ನು ನೋಡಿದವರು. ಹಾಗಾಗಿ ಅವರ ಕಾದಂಬರಿಯಲ್ಲಿ ಕಚೇರಿಯ ನಡೆ ನುಡಿ ಅಷ್ಟು ಸರಿಯಾಗಿ ಬಂದಿದೆ. ಯಾರನ್ನೂ ರಾಕ್ಷಸ ಮಾಡದೆ ಅನ್ಯಾಯ ಹೇಗೆ ನಡೆಯುತ್ತದೆ ಅಂತ ತೋರಿಸುತ್ತಾರೆ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯವರೇ ಒಬ್ಬರು ಹೋದ ಹಾಗಾಯಿತು.

ಸಿನಿಮಾ ಬಂದದ್ದು 2002ರಲ್ಲಿ. ಸೌಂದರ್ಯ ತಾವೇ ನಿರ್ಮಾಪಕಿ, ತಾವೇ ನಾಗಿ. ಅವಿನಾಶ್ ಗಂಡ ಗಣಪ. ವಾಸುದೇವ ರಾವ್ ಮಾವ ದುಗ್ಗಜ್ಜ. ಹೊಳೆ ಉಕ್ಕುತ್ತಿದೆ, ಊರವರೆಲ್ಲ ಹೊರಟಿದ್ದಾರೆ, ಈ ಮೂವರು ಸೀತಾಪರ್ವತ ಬಿಟ್ಟು ಹೋಗಲಾರರು. ದೇವಸ್ಥಾನ ಇಲ್ಲಿದೆ, ಪೂಜೆ ಇಲ್ಲಿದೆ. ಬೇರೆ ಕಡೆ ಹೋದರೆ ದುಗ್ಗಜ್ಜ ಯಾರು? ಯಾರೂ ಅಲ್ಲ. ಪರಿಹಾರದ ಹಣಕ್ಕೆ ಲೆಕ್ಕ ಸಿಗದ ನಷ್ಟ ಇದು. ನಮ್ಮ ಅಜ್ಜನೂ ಹೊಸ ಊರಿನಲ್ಲಿ ಕೊನೆಯವರೆಗೂ 'ಮುಳುಗಡೆಯವರು' ಅಂತಲೇ ಕರೆಸಿಕೊಂಡರು.

ಕಾದಂಬರಿಯ ಕೊನೆ ಬೇರೆ, ಸಿನಿಮಾದ ಕೊನೆ ಬೇರೆ. ಕಾದಂಬರಿಯದನ್ನು ಇಲ್ಲಿ ಬಿಚ್ಚುವುದಿಲ್ಲ, ಓದದವರು ಇರಬಹುದು. ಸಿನಿಮಾದಲ್ಲಿ ಮಳೆಯ ರಾತ್ರಿ ಮನೆ ಉಳಿಸಿಕೊಳ್ಳುವುದು ನಾಗಿ. ಬೆಂಕಿ ಹಾಕಿ ಹುಲಿಯನ್ನು ದೂರ ಇಡುವುದು ಅವಳು. ಬೆಳಗಾಗುವ ಹೊತ್ತಿಗೆ ನೀರು ಇಳಿದಿದೆ. ಗಣಪ ಏನು ಹೇಳುತ್ತಾನೆ? ದೇವರು ಕಾಪಾಡಿದ ಅನ್ನುತ್ತಾನೆ. ರಾತ್ರಿಯಿಡೀ ಅವಳು ಒದ್ದಾಡಿದ್ದು ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸೌಂದರ್ಯ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಮುಖದಲ್ಲೇ ಎಲ್ಲ ಇದೆ.

ಮೊದಲ ಸಲ ಓದಿ ನೋಡಿದಾಗ ನನಗೂ ಸಿಟ್ಟು ಬಂತು. ಸರ್ಕಾರದ ಮೇಲಿನ ಮಾತು ಗಂಡ ಹೆಂಡಿರ ಮೇಲಿನ ಮಾತಾಯಿತಲ್ಲ ಅಂತ. ಆಮೇಲೆ ನಮ್ಮ ಅಜ್ಜಿಯ ಬಗ್ಗೆ ಯೋಚಿಸಿದೆ. ಮುಳುಗಡೆಯ ಕತೆಯನ್ನು ಎಲ್ಲ ಕಡೆ ಹೇಳಿದವರು ಅಜ್ಜ. ಹೊಸ ಜಾಗದಲ್ಲಿ ನೀರು ಹೊತ್ತು, ಗುಡ್ಡ ಕಡಿದು, ಮಕ್ಕಳನ್ನು ಸಾಕಿದ್ದು ಅಜ್ಜಿ. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಕಾಸರವಳ್ಳಿ ಸರ್ಕಾರವನ್ನು ಬಿಟ್ಟುಕೊಟ್ಟಿಲ್ಲ. ಮುಳುಗಿದವರ ಒಳಗೇ ಇನ್ನೊಬ್ಬರು ಮುಳುಗಿದ್ದಾರೆ ಅಂತ ತೋರಿಸಿದ್ದಾರೆ.

ಎಚ್. ಎಂ. ರಾಮಚಂದ್ರ ಅವರ ಕ್ಯಾಮೆರಾಗೆ ಇದೇ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮಲೆನಾಡಿನ ಮಳೆಯನ್ನು ಹಾಡಿಗೆ ಚಂದ ಕಾಣುವ ಮಳೆಯಾಗಿ ಅಲ್ಲ, ಬಟ್ಟೆ ಒಣಗದ, ಸೌದೆ ಹತ್ತದ, ಬೇಸರ ಬರಿಸುವ ಮಳೆಯಾಗಿ ತೋರಿಸಿದ ಸಿನಿಮಾ ಇದು.

ಎರಡನೇ ಆಟ

ನಾನು ಇವರ ಸಿನಿಮಾಗಳಲ್ಲಿ 'ಘಟಶ್ರಾದ್ಧ' ಒಂದೇ ನೋಡಿರುವುದು, ಅದೂ ಇತ್ತೀಚೆಗೆ. ಕಪ್ಪು ಬಿಳುಪು. ಮೊದಲ ಅರ್ಧ ಗಂಟೆ ನಿಧಾನ ಅನ್ನಿಸಿತು, ಆಮೇಲೆ ಎದ್ದು ಹೋಗಲು ಆಗಲಿಲ್ಲ. ಕತೆ ಓದಿಲ್ಲ. ಓದಿದವರು ಹೇಳಿ, ಆ ಹುಡುಗ ನಾಣಿ ಕತೆಯಲ್ಲೂ ಇಷ್ಟೇ ಮುಖ್ಯನಾ?

ಅಂಚಿನ ಟಿಪ್ಪಣಿ

@ಎರಡನೇ ಆಟ, ಹೌದು. ಕತೆಯೂ ಹುಡುಗನ ಕಣ್ಣಿಂದಲೇ ನಡೆಯುತ್ತದೆ. ಇದು ಕಾಸರವಳ್ಳಿಯವರ ಮೊದಲ ಸಿನಿಮಾ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಂದು, 'ಚೋಮನ ದುಡಿ'ಯಲ್ಲಿ ಬಿ. ವಿ. ಕಾರಂತರ ಜೊತೆ ಸಹಾಯಕರಾಗಿ ದುಡಿದು, ತಕ್ಷಣ ಮಾಡಿದ್ದು ಇದನ್ನು. ರಾಷ್ಟ್ರಮಟ್ಟದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ನಾಣಿಯಾದ ಅಜಿತ್ ಕುಮಾರ್‌ಗೆ ಬಾಲನಟ ಪ್ರಶಸ್ತಿ, ಕಾರಂತರಿಗೆ ಸಂಗೀತದ ಪ್ರಶಸ್ತಿ.

ಅವರ ಮಿಕ್ಕ ರೂಪಾಂತರಗಳಿಗೆ ಹೋಲಿಸಿದರೆ ಇದು ಮೂಲಕ್ಕೆ ಜಾಸ್ತಿ ಹತ್ತಿರ ಇದೆ. ಆದರೂ ಒಂದು ದೊಡ್ಡ ಬದಲಾವಣೆ ಇದೆ, ಅದು ಘಟನೆಯಲ್ಲಿ ಕಾಣುವುದಿಲ್ಲ. ಅನಂತಮೂರ್ತಿಯವರ ಗದ್ಯದಲ್ಲಿ ಹುಡುಗನ ಮನಸ್ಸಿನ ಒಳಗೆ ನಾವು ಇರುತ್ತೇವೆ. ಅವನ ಭಯ, ಅವನ ಪಾಪಪ್ರಜ್ಞೆ, ಗುರು ಉಡುಪರ ವಿಧವೆ ಮಗಳು ಯಮುನಕ್ಕನ ಮೇಲಿನ ಅಕ್ಕರೆ ಎಲ್ಲ ಮಾತಿನಲ್ಲಿ ಬರುತ್ತದೆ. ಕ್ಯಾಮೆರಾಗೆ ಒಳಗೆ ಹೋಗುವ ದಾರಿ ಇಲ್ಲ. ಹಾಗಾಗಿ ಕಾಸರವಳ್ಳಿ ಮತ್ತು ಛಾಯಾಗ್ರಾಹಕ ಎಸ್. ರಾಮಚಂದ್ರ ಹುಡುಗನನ್ನು ಹೊಸ್ತಿಲುಗಳಲ್ಲಿ, ಕಂಬಗಳ ಹಿಂದೆ, ಅರೆತೆರೆದ ಬಾಗಿಲುಗಳಲ್ಲಿ ನಿಲ್ಲಿಸುತ್ತಾರೆ. ಅವನು ಅರ್ಧ ನೋಡುತ್ತಾನೆ, ಅರ್ಧ ಕೇಳುತ್ತಾನೆ. ನಮಗೂ ಅಷ್ಟೇ ಸಿಗುತ್ತದೆ. ದೊಡ್ಡವರಾದ ನಮಗೆ ಏನು ನಡೆಯುತ್ತಿದೆ ಅಂತ ಗೊತ್ತು. ಅವನಿಗೆ ಗೊತ್ತಿಲ್ಲ. ಆ ಅಂತರದಲ್ಲೇ ಸಿನಿಮಾದ ಸಂಕಟ ಇರುವುದು.

ಕೊನೆಯನ್ನೇ ನೋಡಿ. ಬದುಕಿರುವ ಮಗಳಿಗೆ ಉಡುಪರು ಶ್ರಾದ್ಧ ಮಾಡಿ ಮುಗಿಸಿದ್ದಾರೆ. ನಾಣಿಯನ್ನು ಅವನ ಅಪ್ಪ ಊರಿಗೆ ಕರೆದುಕೊಂಡು ಹೊರಟಿದ್ದಾನೆ. ದಾರಿಯಲ್ಲಿ ಮರದ ಕೆಳಗೆ ತಲೆ ಬೋಳಿಸಿಕೊಂಡ ಯಮುನಕ್ಕ. ಹುಡುಗ ತಿರುಗಿ ನೋಡುತ್ತಾನೆ, ಅಪ್ಪ ನಡೆಯುತ್ತಲೇ ಇರುತ್ತಾನೆ. ಬರಹದಲ್ಲಾದರೆ ಇಲ್ಲಿ ಹುಡುಗನಿಗೆ ಏನನ್ನಿಸಿತು ಎಂದು ಒಂದು ವಾಕ್ಯ ಬರೆಯಬಹುದು. ಇಲ್ಲಿ ನಮಗೆ ಸಿಗುವುದು ಅವರ ನಡುವಿನ ದೂರ ಮಾತ್ರ.

ಇನ್ನೊಂದು ವಿಷಯ. ಇದೇ ಕತೆಯಿಂದ ಅರುಣ್ ಕೌಲ್ 1991ರಲ್ಲಿ ಹಿಂದಿಯಲ್ಲಿ 'ದೀಕ್ಷಾ' ಮಾಡಿದರು. ಅಲ್ಲಿ ನಾನಾ ಪಾಟೇಕರ್ ಮಾಡಿದ ಕೆಳಜಾತಿಯವನ ಪಾತ್ರಕ್ಕೆ ದೊಡ್ಡ ಜಾಗ ಸಿಕ್ಕಿದೆ. ಎರಡೂ ನೋಡಿದರೆ ಒಂದೇ ಕತೆಯಲ್ಲಿ ಎಷ್ಟು ಸಿನಿಮಾ ಅಡಗಿರುತ್ತದೆ ಅಂತ ಗೊತ್ತಾಗುತ್ತದೆ. ಒಬ್ಬರು ಯಾರ ಪಕ್ಕ ನಿಂತರು, ಇನ್ನೊಬ್ಬರು ಯಾರ ಪಕ್ಕ ನಿಂತರು ಅಷ್ಟೇ ವ್ಯತ್ಯಾಸ.

ಎರಡನೇ ಆಟ

ಧನ್ಯವಾದ ಸರ್. ನಾನು ನೋಡಿದ ಪ್ರತಿ ತುಂಬ ಹಳತು, ಗೆರೆಗೆರೆ ಇತ್ತು. ಒಳ್ಳೆಯ ಪ್ರತಿ ಇದೆಯಾ?

ಅಂಚಿನ ಟಿಪ್ಪಣಿ

ಈಗ ಇದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದನ್ನು ಪುನರುಜ್ಜೀವನಗೊಳಿಸಿದ್ದಾರೆ. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಎಲ್ಲಾದರೂ ದೊಡ್ಡ ತೆರೆಯಲ್ಲಿ ಬಂದರೆ ಬಿಡಬೇಡಿ. ಕಾರಂತರ ಸಂಗೀತವನ್ನು ಫೋನಿನಲ್ಲಿ ಕೇಳಿದರೆ ಕೇಳಿದಂತೆಯೇ ಅಲ್ಲ.

ಮೂಲದ ಪರ

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಒಂದು ಗಟ್ಟಿ ಆಕ್ಷೇಪ ಇಡುತ್ತೇನೆ. 'ನಾಯಿ ನೆರಳು'.

ಭೈರಪ್ಪನವರ ಕಾದಂಬರಿ 1968ರದ್ದು. ಸತ್ತುಹೋದ ಗಂಡ ಮತ್ತೆ ಹುಟ್ಟಿ ಬಂದಿದ್ದಾನೆ ಅನ್ನುವ ಯುವಕ, ವಿಧವೆಯಾಗಿ ವರ್ಷಗಟ್ಟಲೆ ಬದುಕಿದ ಹೆಣ್ಣು. ಕಾದಂಬರಿಯಲ್ಲಿ ಪುನರ್ಜನ್ಮ ನಿಜವೋ ಅಲ್ಲವೋ ಎಂಬ ಪ್ರಶ್ನೆ ಓದುಗನನ್ನು ಬಿಡುವುದೇ ಇಲ್ಲ. ಕರ್ಮ, ಆತ್ಮ, ನೆನಪು ಎಲ್ಲವನ್ನೂ ಭೈರಪ್ಪ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಸಿನಿಮಾ ಆ ಪ್ರಶ್ನೆಯನ್ನೇ ಬದಿಗಿಟ್ಟಿತು. ಪುನರ್ಜನ್ಮ ಅಂದರೆ ಜನ ನಂಬಿಕೊಂಡ ಒಂದು ವಿಷಯ, ಅದರಿಂದ ಯಾರಿಗೆ ಏನಾಯಿತು, ಇಷ್ಟೇ ಉಳಿಯಿತು. 'ಗುಲಾಬಿ ಟಾಕೀಸ್'ನಲ್ಲಿ ಕಾಲ ಬದಲಾಯಿತು, ಸರಿ. 'ದ್ವೀಪ'ದಲ್ಲಿ ಕೊನೆ ಬದಲಾಯಿತು, ಅದೂ ಸರಿ. ಇಲ್ಲಿ ಕೃತಿಯ ಬೆನ್ನುಮೂಳೆಯನ್ನೇ ತೆಗೆದಿದ್ದಾರೆ. ಲೇಖಕ ನಂಬಿದ್ದನ್ನು ನಿರ್ದೇಶಕ ನಂಬದಿದ್ದರೆ ಆ ಕೃತಿಯನ್ನು ಮುಟ್ಟಬೇಕಾ?

ಇವರೇ ಭೈರಪ್ಪನವರ 'ಗೃಹಭಂಗ'ವನ್ನು ಧಾರಾವಾಹಿ ಮಾಡಿದರು. ಅಲ್ಲಿ ಕಾದಂಬರಿ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಯಾರೂ ದೂರಲಿಲ್ಲ. ಹಾಗಾಗಿ ಆಗುವುದಿಲ್ಲ ಅಂತಲ್ಲ, ಇಲ್ಲಿ ಬೇಕೆಂದೇ ಬೇರೆ ಮಾಡಿದ್ದಾರೆ.

ಹಿತ್ತಿಲ ಬಾಗಿಲು

@ಮೂಲದ ಪರ, ನಿಮ್ಮ ಆಕ್ಷೇಪ ಈ ಚರ್ಚೆಯಲ್ಲೇ ಗಟ್ಟಿಯಾದದ್ದು. ಬೇಕೆಂದೇ ಮಾಡಿದ್ದಾರೆ ಎಂಬುದೂ ನಿಜ. ಆದರೆ ನಾನು ಬೇರೆ ಕಡೆಯಿಂದ ನೋಡುತ್ತೇನೆ.

ಆ ಮನೆಯಲ್ಲಿ ಮೂವರು ಹೆಂಗಸರು. ಅತ್ತೆ ನಾಗಲಕ್ಷ್ಮಿಗೆ ಸತ್ತ ಮಗ ಬೇಕು. ಆ ಹುಡುಗ ಮಗನೇ ಅಂತ ನಂಬಿದರೆ ಅವಳ ದುಃಖ ಕಳೆಯುತ್ತದೆ. ಸೊಸೆ ವೆಂಕಟಲಕ್ಷ್ಮಿಗೆ ಮೊದಲು ಭಯ, ಆಮೇಲೆ ಬದುಕು. ಅವಳ ಮಗಳು ರಾಜಲಕ್ಷ್ಮಿ ಓದಿದವಳು, ಅವಳಿಗೆ ಇದು ಅವಮಾನ. ಪುನರ್ಜನ್ಮ ಒಂದೇ, ಮೂವರಿಗೂ ಅದರ ಅರ್ಥ ಬೇರೆ. ನಿಜವೋ ಸುಳ್ಳೋ ಎಂಬ ಪ್ರಶ್ನೆ ಈ ಮೂವರಲ್ಲಿ ಯಾರಿಗೂ ದೊಡ್ಡದಲ್ಲ. ಅದು ಪಂಡಿತರ ಪ್ರಶ್ನೆ. ಇವರಿಗೆ ನಾಳೆ ಬೆಳಗ್ಗೆ ಏಳಬೇಕು, ಊರಿಗೆ ಮುಖ ತೋರಿಸಬೇಕು.

ವೆಂಕುವಿನ ಮಟ್ಟಿಗೆ ಇಷ್ಟು ವರ್ಷ ಶಾಸ್ತ್ರ ಅವಳನ್ನು ಕಟ್ಟಿಹಾಕಿತ್ತು. ಈಗ ಅದೇ ಶಾಸ್ತ್ರದ ಒಂದು ನಂಬಿಕೆ ಅವಳಿಗೆ ಬಾಗಿಲು ತೆಗೆಯುತ್ತದೆ. ಊರವರು ತಾವೇ ನಂಬಿದ್ದನ್ನು ಅವಳು ನಿಜವಾಗಿ ಬದುಕಲು ಹೊರಟ ಕೂಡಲೇ ಎಲ್ಲರಿಗೂ ಕಷ್ಟವಾಗುತ್ತದೆ. ನನಗೆ ಇದು ಭೈರಪ್ಪನವರ ಪ್ರಶ್ನೆಗಿಂತ ಚಿಕ್ಕದು ಅಂತ ಅನ್ನಿಸುವುದಿಲ್ಲ. ಪವಿತ್ರಾ ಲೋಕೇಶ್ ಮೊದಲ ಸಲ ವಿಧವೆಯ ಸೀರೆ ಬಿಟ್ಟು ಬೇರೆ ಸೀರೆಯಲ್ಲಿ ಬಂದಾಗ ನೋಡಿ. ಮುಜುಗರ, ಆಸೆ, ಮಗಳ ಎದುರು ನಿಲ್ಲುವ ಅಂಜಿಕೆ, ಎಲ್ಲ ಒಟ್ಟಿಗೆ ಇದೆ. ನಮ್ಮ ಮನೆಯಲ್ಲಿ ಹದಿನೆಂಟಕ್ಕೇ ವಿಧವೆಯಾದ ದೊಡ್ಡಮ್ಮ ಒಬ್ಬರಿದ್ದರು. ಅವರಿಗೆ ಆ ಬಾಗಿಲು ಯಾವ ರೂಪದಲ್ಲೂ ಬರಲಿಲ್ಲ. ಹಾಗಾಗಿ ಸಿನಿಮಾ ವೆಂಕುವಿನ ಪಕ್ಕ ನಿಂತದ್ದಕ್ಕೆ ನಾನು ಕೃತಜ್ಞಳು.

ಲೇಖಕರ ನಂಬಿಕೆಯನ್ನು ಒಪ್ಪುವವರು ಮಾತ್ರ ಕೃತಿಯನ್ನು ಮುಟ್ಟಬೇಕು ಅಂದರೆ ನಾವು ಓದುಗರೂ ಎಷ್ಟೋ ಪುಸ್ತಕ ಮುಚ್ಚಿಡಬೇಕಾಗುತ್ತದೆ ಅಲ್ವಾ?

ಮೂಲದ ಪರ

ಓದುವುದು ಬೇರೆ, ಅದೇ ಹೆಸರಲ್ಲಿ ಇನ್ನೊಂದನ್ನು ಮಾಡಿ ಲಕ್ಷಾಂತರ ಜನರ ಮುಂದೆ ಇಡುವುದು ಬೇರೆ. ಪುಸ್ತಕ ಓದದವರಿಗೆ ಭೈರಪ್ಪ ಬರೆದದ್ದು ಇದೇ ಅಂತ ಅನ್ನಿಸುತ್ತದೆ. ಮೂವರು ಹೆಂಗಸರ ಬಗ್ಗೆ ನೀವು ಹೇಳಿದ್ದು ಮಾತ್ರ ನಾನು ಯೋಚಿಸಿರಲಿಲ್ಲ. ಆ ಕಣ್ಣಿಂದ ಇನ್ನೊಮ್ಮೆ ನೋಡುತ್ತೇನೆ.

ನಿವೃತ್ತ ಗುಮಾಸ್ತ

ತಡವಾಗಿ ಬಂದೆ. 'ತಬರನ ಕಥೆ' ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತೇನೆ.

ಇಡೀ ಜೀವನ ಸರ್ಕಾರಿ ಕಚೇರಿಯಲ್ಲಿ ಕಳೆದವನು ನಾನು. ಟಪಾಲು, ಷರಾ, ಆಡಿಟ್ ಆಕ್ಷೇಪಣೆ, ಸರ್ವಿಸ್ ರಿಜಿಸ್ಟರಿನಲ್ಲಿ ಇಲ್ಲದ ಒಂದು ಸಹಿ, ಇವೇ ನನ್ನ ಲೋಕ. ತಬರಸೆಟ್ಟಿ ಓದು ಬರಹ ಬಾರದ ಜವಾನ. ಅವನನ್ನು ತೆರಿಗೆ ವಸೂಲಿಗೆ ಹಾಕುತ್ತಾರೆ. ರಸೀದಿ ಲೆಕ್ಕ ತಾಳೆಯಾಗುವುದಿಲ್ಲ. ಅಲ್ಲಿಂದ ಅವನ ಪಿಂಚಣಿ ನಿಲ್ಲುತ್ತದೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಪಿಂಚಣಿ ಬಂದರೆ ಔಷಧಿ. ಬರುವುದಿಲ್ಲ.

ಆ ಸಿನಿಮಾದಲ್ಲಿ ಒಬ್ಬನೇ ಒಬ್ಬ ಖಳನಾಯಕ ಇಲ್ಲ ಎಂಬುದನ್ನು ಗಮನಿಸಿ. ಪ್ರತಿಯೊಬ್ಬರೂ ತಮ್ಮ ಮೇಜಿನ ಮಟ್ಟಿಗೆ ಸರಿಯಾಗಿಯೇ ಮಾಡುತ್ತಾರೆ. ನಿಯಮ ಹಾಗಿದೆ ಅನ್ನುತ್ತಾರೆ. ನಾನೂ ಎಷ್ಟೋ ಸಲ ಹಾಗೆ ಅಂದಿದ್ದೇನೆ, ಎಲ್ಲ ಗುಮಾಸ್ತರೂ ಅನ್ನುತ್ತಾರೆ. ಕಾಲು ಕತ್ತರಿಸಿಕೊಡು ಅಂತ ತಬರ ಕಟುಕನ ಹತ್ತಿರ ಹೋಗುವ ಜಾಗಕ್ಕೆ ಬಂದಾಗ ನನಗೆ ಉಸಿರು ಕಟ್ಟುತ್ತದೆ. ಹುಚ್ಚಿನಿಂದ ಹೋಗುವುದಲ್ಲ ಅದು. ಎಲ್ಲ ಕಚೇರಿಗಳನ್ನೂ ಮುಗಿಸಿದವನು ಲೆಕ್ಕ ಹಾಕಿಯೇ ಹೋಗುತ್ತಾನೆ.

ಚಾರುಹಾಸನ್‌ಗೆ ಆ ವರ್ಷದ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ, ಸಿನಿಮಾಕ್ಕೆ ಸ್ವರ್ಣಕಮಲ. ಆದರೆ ಒಂದು ಕೊರತೆ ಹೇಳುತ್ತೇನೆ. ತೇಜಸ್ವಿಯವರನ್ನು ಓದುವಾಗ ನಗು ಬರುತ್ತದೆ. ಆಡಳಿತದ ಮೂರ್ಖತನವನ್ನು ಅವರು ನಗುತ್ತಲೇ ಹೇಳುತ್ತಾರೆ, ಆಮೇಲೆ ಎದೆಗೆ ಬೀಳುತ್ತದೆ. ಸಿನಿಮಾ ಮೊದಲಿಂದಲೇ ಭಾರ. ಆ ನಗು ಇದ್ದಿದ್ದರೆ ಪೆಟ್ಟು ಇನ್ನೂ ಜೋರಾಗುತ್ತಿತ್ತು. 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ ಕತೆ ಇದೆ, ಓದಿ ನೋಡಿ.

ಹಳೇ ಪುಟ

ಸರ್, ನಗುವಿನ ವಿಷಯ ನನಗೂ ಹಾಗೇ ಅನ್ನಿಸಿದೆ. ಅವರಿಗೆ ನಗು ಬಂದದ್ದು ತಡವಾಗಿ, 2011ರ 'ಕೂರ್ಮಾವತಾರ'ದಲ್ಲಿ. ಅದೂ ಒಬ್ಬ ಸರ್ಕಾರಿ ನೌಕರನದ್ದೇ ಕತೆ, ನಿಮಗೆ ಹಿಡಿಸಬಹುದು. ಕುಂ. ವೀ. ಅವರ ಕತೆ. ನಿವೃತ್ತಿಯ ಅಂಚಿನಲ್ಲಿರುವ ಆನಂದರಾವ್ ನೋಡಲು ಗಾಂಧಿಯಂತಿದ್ದಾರೆ ಅಂತ ಟಿವಿ ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಕೊಡುತ್ತಾರೆ. ಅವರಿಗೆ ನಟನೆ ಬಾರದು, ಗಾಂಧಿಯೂ ಗೊತ್ತಿಲ್ಲ. ಗಾಂಧಿಯನ್ನು ಓದಲು ಶುರು ಮಾಡುತ್ತಾರೆ. ಅಲ್ಲಿಂದ ಜನ ಅವರ ಹತ್ತಿರ ನ್ಯಾಯ ಕೇಳಿಕೊಂಡು ಬರುತ್ತಾರೆ. ಶಿಕಾರಿಪುರ ಕೃಷ್ಣಮೂರ್ತಿ ಆ ಪಾತ್ರದಲ್ಲಿ ಇದ್ದಾರೆ. ಮೊದಲು ನಗುತ್ತೇವೆ, ಆಮೇಲೆ ಆ ಮನುಷ್ಯನ ಮೇಲೆ ಬಿದ್ದ ಭಾರ ಕಾಣುತ್ತದೆ.

ಸಂಜೆ ಓದು

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಷ್ಟೋ ಜನ ಅವರ ಕತೆಗಳನ್ನು ಹೊಸದಾಗಿ ಓದುತ್ತಿದ್ದಾರೆ. ಕಾಸರವಳ್ಳಿ 2004ರಲ್ಲೇ 'ಕರಿ ನಾಗರಗಳು' ಕತೆಯಿಂದ 'ಹಸೀನಾ' ಮಾಡಿದ್ದರು ಎಂಬುದು ನೆನಪಿರಲಿ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ.

ಕತೆಯಲ್ಲಿ ಗಂಡ ಬಿಟ್ಟ ಹೆಂಗಸು ಮಗುವನ್ನು ಎತ್ತಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕೆ ಕೂರುತ್ತಾಳೆ. ಕೊನೆಗೆ ಊರ ಹೆಂಗಸರು ಮಸೀದಿಯ ಆಡಳಿತ ನೋಡುವ ಮುತವಲ್ಲಿಗೆ ಶಾಪ ಹಾಕುತ್ತಾರೆ. ಮುತವಲ್ಲಿಯ ಹೆಂಡತಿಯೂ ಸುಮ್ಮನೆ ಇರುವುದಿಲ್ಲ. ಬಾನು ಅವರ ಸಿಟ್ಟು ಕುದಿಯುವ ಸಿಟ್ಟು. ಕಾಸರವಳ್ಳಿಯವರದ್ದು ಹಾಗಲ್ಲ, ತಣ್ಣಗೆ ನಿಂತು ನೋಡುವ ಕಣ್ಣು. ನನಗೆ ಕತೆಯೇ ಹೆಚ್ಚು ಇಷ್ಟ. ಎರಡು ಸ್ವಭಾವಗಳು ಪೂರ್ತಿ ಬೆರೆಯಲಿಲ್ಲ ಅನ್ನಿಸಿತು. ಆದರೆ ತಾರಾ ಮಕ್ಕಳನ್ನು ಕಟ್ಟಿಕೊಂಡು ಕಾಯುತ್ತಾ ಕೂರುವ ಭಂಗಿ ಇದೆಯಲ್ಲ, ಅದು ಕತೆಯ ಸಿಟ್ಟನ್ನು ಹಾಗೇ ಹಿಡಿದಿದೆ.

ಬಯಲುಸೀಮೆ

ಉತ್ತರ ಕರ್ನಾಟಕದವನಾಗಿ 'ತಾಯಿ ಸಾಹೇಬ' ಹೆಸರು ಹೇಳದೆ ಹೋಗಲಾರೆ. ಲೋಕಾಪುರ ಅವರ ಕಾದಂಬರಿ, ಜಯಮಾಲಾ ಅವರ ನರ್ಮದಾಬಾಯಿ. ಗಂಡ ದೇಶದ ಸ್ವಾತಂತ್ರ್ಯಕ್ಕೆ ಹೋರಾಡುವವನು, ಮನೆಯ ಹೆಂಡತಿಗೆ ವಾಡೆಯ ಹೊರಗೆ ಬರುವ ಸ್ವಾತಂತ್ರ್ಯ ಇಲ್ಲ. ಮಲೆನಾಡಿನ ನಿರ್ದೇಶಕ ನಮ್ಮ ಕಡೆಯ ವಾಡೆ, ಮಾತು, ಸೀರೆ ಉಡುವ ರೀತಿ ಎಲ್ಲವನ್ನೂ ಇಷ್ಟು ಸರಿಯಾಗಿ ತಂದದ್ದು ನನಗೆ ಇವತ್ತಿಗೂ ಬೆರಗು. ವೈಶಾಲಿ ಕಾಸರವಳ್ಳಿಯವರಿಗೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ.

ಹಾಗೆಯೇ 'ಕನಸೆಂಬೋ ಕುದುರೆಯನೇರಿ'. ನುಗಡೋಣಿಯವರ 'ಸವಾರಿ' ಕತೆ. ಸಾವನ್ನು ಮುಂಚೆಯೇ ಕನಸಿನಲ್ಲಿ ಕಾಣುವ, ಗುಂಡಿ ತೋಡುವ ಈರ್ಯ. ಊರ ಗೌಡ ಸತ್ತಿದ್ದಾನೆ ಅಂತ ಅವನ ಕನಸು ಹೇಳುತ್ತದೆ, ವಾಡೆಯವರು ಇಲ್ಲ ಅನ್ನುತ್ತಾರೆ. ಸಿನಿಮಾ ಅದನ್ನು ಮೊದಲು ಈರ್ಯನ ಕಡೆಯಿಂದ ಹೇಳುತ್ತದೆ, ಆಮೇಲೆ ವಾಡೆಯ ಒಳಗಿಂದ ಇನ್ನೊಮ್ಮೆ ಹೇಳುತ್ತದೆ. ಮೊದಲ ಸಲ ಅವನ ಕನಸು ಸುಳ್ಳಾಯಿತಲ್ಲ ಅಂತ ನಾವೂ ಅವನ ಜೊತೆ ಕುಗ್ಗುತ್ತೇವೆ. ಎರಡನೇ ಸಲ ವಾಡೆಯಲ್ಲಿ ಹೆಣ ಬಚ್ಚಿಟ್ಟದ್ದು ತಿಳಿಯುತ್ತದೆ. ಬಡವನ ನಂಬಿಕೆ ಸುಳ್ಳಾಗುವುದು ಹೇಗೆ, ಯಾರ ಅನುಕೂಲಕ್ಕೆ ಎಂಬುದನ್ನು ಕಟ್ಟೋಣದಿಂದಲೇ ಹೇಳಿದ್ದಾರೆ. ಗೋಪಾಲಕೃಷ್ಣ ಪೈ ಮತ್ತು ಕಾಸರವಳ್ಳಿಯವರ ಚಿತ್ರಕತೆಗೆ ರಾಷ್ಟ್ರಪ್ರಶಸ್ತಿ ಬಂತು. ಬಿರಾದಾರ್ ಅವರನ್ನು ಹಾಸ್ಯನಟ ಅಂತ ಮಾತ್ರ ಗೊತ್ತಿದ್ದವರು ಈರ್ಯನ ಪಾತ್ರದಲ್ಲಿ ನೋಡಬೇಕು.

ಎರಡನೇ ಆಟ

ಇಷ್ಟು ಓದಿದ ಮೇಲೆ ಎಲ್ಲವನ್ನೂ ನೋಡಬೇಕು ಅನ್ನಿಸುತ್ತಿದೆ. ಆದರೆ ಶುರುವಿನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಓದಿ ನೋಡಬೇಕಾ, ನೋಡಿ ಓದಬೇಕಾ?

ಅಂಚಿನ ಟಿಪ್ಪಣಿ

ಸಣ್ಣಕತೆಯಾದರೆ ಮೊದಲು ಓದಿ. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಸಣ್ಣಕತೆಯಿಂದ ಎರಡು ಗಂಟೆಯ ಸಿನಿಮಾ ಮಾಡಲು ಅವರು ಎಷ್ಟೋ ಹೊಸದನ್ನು ಕಟ್ಟಬೇಕು. ಓದಿದ್ದರೆ ಆ ಕಟ್ಟಿದ್ದು ಯಾವುದು, ಅದರಲ್ಲಿ ಅವರು ಏನು ಹೇಳಿದರು ಅಂತ ಕಾಣುತ್ತದೆ. ಕಾದಂಬರಿಯಾದರೆ ಸಿನಿಮಾ ಮೊದಲು ನೋಡಿ. ಕಾದಂಬರಿಯಿಂದ ಬಿಡಬೇಕಾದದ್ದೇ ಜಾಸ್ತಿ ಇರುತ್ತದೆ. ಓದಿಕೊಂಡು ಹೋದರೆ ಬಿಟ್ಟದ್ದನ್ನು ಲೆಕ್ಕ ಹಾಕುತ್ತಾ ಕೂರುತ್ತೇವೆ, ಇದ್ದದ್ದು ಕಾಣುವುದಿಲ್ಲ.

ಮೂಲದ ಪರ

ಕಾದಂಬರಿ ವಿಷಯದಲ್ಲಿ ನಾನು ಉಲ್ಟಾ ಹೇಳುತ್ತೇನೆ. ಮೊದಲು ಓದಿ. ನಿಮ್ಮ ಮನಸ್ಸಿನಲ್ಲಿ ಒಂದು ವೆಂಕು, ಒಂದು ನಾಗವೇಣಿ ('ದ್ವೀಪ'ದ ನಾಗಿ) ಹುಟ್ಟಲಿ. ಆಮೇಲೆ ಸಿನಿಮಾದವಳ ಜೊತೆ ಅವಳು ಜಗಳ ಆಡಲಿ.

ಹಳೇ ಪುಟ

ಎರಡೂ ಮಾಡಿ ನೋಡೋಣ. ಮುಂದಿನ ವಾರಕ್ಕೆ 'ಸವಾರಿ' ಇಟ್ಟುಕೊಳ್ಳೋಣ. ಅರ್ಧ ಜನ ಕತೆ ಓದಿ ಸಿನಿಮಾ ನೋಡಲಿ, ಅರ್ಧ ಜನ ಸಿನಿಮಾ ನೋಡಿ ಕತೆ ಓದಲಿ. ಬರೆಯುವಾಗ ಯಾವ ಗುಂಪು ಅಂತ ಮೇಲೆ ಹಾಕಿ. ಅದರ ನಂತರ ಚಿತ್ತಾಲರ 'ಮೂರು ದಾರಿಗಳು'. 1981ರ ಆ ಸಿನಿಮಾವನ್ನು ಇಲ್ಲಿ ಯಾರೂ ಮುಟ್ಟೇ ಇಲ್ಲ. @ಕಡಲತಡಿ ಮೇಡಂ, ನೀವು ಕತೆ ಮೊದಲು ಓದುವ ಗುಂಪಿನಲ್ಲಿ ಇರಿ. @ಎರಡನೇ ಆಟ, ನೀವು ಸಿನಿಮಾ ಮೊದಲು.